ದಂಡೆಗೆ ಬಂದ ‘ಚಪಲ್’

ನಮ್ಮ ಅಫಜಲಪುರದ ಕಡೆಯವರಿಗೆ ಸಮುದ್ರವೆಂದರೆ ಭೂಪಟದ ಮೇಲಿನ ನೀಲಿ ಬಣ್ಣ. ಭೀಮೆಯ ನೀರು ಜೇವರ್ಗಿಯ ಸೀಮೆಯನ್ನು ಹಾಯ್ದು, ಕೃಷ್ಣೆಯನ್ನು ಕೂಡಿ ಮೂಡಣ ಕಡಲಿಗೆ ಹೋಗುತ್ತದೆ. ನಾವು ಮಾತ್ರ ರಜೆಯಲ್ಲಿ ಪಡುವಣ ಕಡಲನ್ನು ಅರಸಿ ಕಾರವಾರಕ್ಕೆ ಹೊರಟೆವು. ಜೊತೆಗೆ ನನ್ನ ಸೋದರಮಾವ. ಸೇತುವೆಯಾಗುವವರೆಗೆ ಭೀಮೆಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸಿದವರು ಅವರು.

ರವೀಂದ್ರನಾಥ ಠಾಕೂರರ ಹೆಸರಿನ ಕಡಲತೀರದಲ್ಲಿ, ನೀರಿನಿಂದ ದೂರ, ಯುದ್ಧನೌಕೆ ‘ಚಪಲ್’ ನಿಂತಿದೆ. ಸೋವಿಯತ್ ದೇಶದಲ್ಲಿ ನಿರ್ಮಾಣವಾದ ಈ ಕ್ಷಿಪಣಿ ನೌಕೆ 1976ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿ, 2005ರಲ್ಲಿ ನಿವೃತ್ತಿ ಹೊಂದಿ, 2006ರಲ್ಲಿ ವಸ್ತುಸಂಗ್ರಹಾಲಯವಾಯಿತು. ಉದ್ದ 38 ಮೀಟರಿಗೂ ತುಸು ಹೆಚ್ಚು. ಹೊರುತ್ತಿದ್ದುದು ನಾಲ್ಕು ಕ್ಷಿಪಣಿಗಳನ್ನು. 1971ರಲ್ಲಿ ಕರಾಚಿಯ ಮೇಲೆ ಎರಗಿದ್ದು ಇದೇ ಎಂದು ಹೇಳುವವರುಂಟು. ಐದು ವರ್ಷ ತಡವಾಗಿ ಬಂದ ನೌಕೆ ಆ ಯುದ್ಧಕ್ಕೆ ಹೋಗುವುದೆಂತು? ಡಿಸೆಂಬರ್ 4ರ ಆ ರಾತ್ರಿ ಕ್ಷಿಪಣಿ ಹೊತ್ತು ಹೋದವು ಇದರ ಹಿರಿಯ ಸೋದರರಾದ ನಿಪಾತ್, ನಿರ್ಘಾತ್ ಮತ್ತು ವೀರ್.

ಮಕ್ಕಳು ಫಿರಂಗಿಯ ಬಳಿ ನೆರೆದರು. ಮಾವನವರು ಅತ್ತ ನೋಡಲೇ ಇಲ್ಲ. ಹಡಗಿನ ಒಡಲಿಗೆ ಅಂಗೈ ಹಚ್ಚಿ, ಬಣ್ಣ ಉಬ್ಬಿದ ಒಂದೆಡೆಯನ್ನು ಉಗುರಿನಿಂದ ಮೆಲ್ಲನೆ ಒತ್ತಿದರು.

“ತಮ್ಮಾ, ನೀರಾಗ ಇರೋತನಕ ಹರಗೋಲು ಬದಕ್ತದ. ದಂಡಿಗೆ ಬಿತ್ತಂದ್ರ ಕೆಡ್ತದ ನೋಡು.”

ಉಕ್ಕಿನ ಹಡಗಿಗೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ತೇಲುವ ಹಡಗಿನ ಅಡಿಗೆ ಸತುವಿನ ಗಟ್ಟಿಗಳನ್ನು ಬಿಗಿದಿರುತ್ತಾರೆ. ಉಪ್ಪುನೀರಿನಲ್ಲಿ ಆ ಸತುವು ತಾನು ಸವೆದು ಉಕ್ಕನ್ನು ಕಾಯುತ್ತದೆ. ಮಳಲಿಗೇರಿದ ಮೇಲೆ ಆ ಕಾವಲು ಇಲ್ಲ. ಕಡಲಗಾಳಿಯ ಉಪ್ಪು ತಗಡಿನ ಮೇಲೆ ಕೂತು, ಇರುಳಿನ ತೇವವನ್ನು ಹೀರಿ, ಬೆಸುಗೆಯ ಸಂದುಗಳಲ್ಲಿ ತುಕ್ಕನ್ನು ಬೆಳೆಸುತ್ತದೆ. ಮೇಲೆ ಬಣ್ಣ ಬಳಿದರಷ್ಟೇ ಸಾಲದು, ಅಡಿಯ ಉಪ್ಪು ಬಣ್ಣವನ್ನೇ ಎಬ್ಬಿಸುತ್ತದೆ. ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು, ಹೊಳೆಯುವ ಉಕ್ಕು ಕಾಣುವವರೆಗೆ ತುಕ್ಕನ್ನು ಕೆರೆಯಬೇಕು, ತಿಂದುಹೋದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು, ಆಮೇಲೆ ಬಣ್ಣ. ಕೆಲವು ವರ್ಷ ಕಳೆದರೆ ಮತ್ತೆ ಮೊದಲಿನಿಂದ! ಹಡಗುಕಟ್ಟೆಯಲ್ಲಾದರೆ ಇದು ನಿತ್ಯದ ಕೆಲಸ, ಕಡಲದಂಡೆಯಲ್ಲಿ ಪ್ರತಿಸಲವೂ ಹೊಸ ಸಾಹಸ.

ಇದನ್ನೆಲ್ಲ ನಾನು ಪಾಠದಂತೆ ಒಪ್ಪಿಸುತ್ತಿರಲು ಮಾವನವರು ತಲೆದೂಗುತ್ತ ಕೇಳಿದರು. ಅವರ ಕೊನೆಯ ಹರಿಗೋಲು ಊರಿನ ದನದ ಕೊಟ್ಟಿಗೆಯಲ್ಲಿ ಮಗುಚಿ ಬಿದ್ದಿದೆ. ಅದನ್ನು ಒಲೆಗೆ ಹಾಕೋಣವೆಂದು ಹೋದ ಬೇಸಗೆಯಲ್ಲಿ ಹೇಳಿದವನು ನಾನೇ.

ಮರಳುವ ದಾರಿಯಲ್ಲಿ ಕಲಬುರಗಿಯ ಬಸ್ ನಿಲ್ದಾಣದಲ್ಲಿ ಇಳಿದೊಡನೆ ಅವರು ಕೇಳಿದರು: “ಇಲ್ಲಿ ಡಾಂಬರು ಎಲ್ಲಿ ಸಿಗ್ತದ?”