ಜೀನ್ ಏರಿತು, ಚಿಪ್ಪು ಬೆಳೆಯಲಿಲ್ಲ

ಅಬಲೋನ್ ಒಂಟಿ ಚಿಪ್ಪಿನ ಕಡಲ ಬಸವನಹುಳು. ದಕ್ಷಿಣ ಕೊರಿಯಾದ ವಾಂಡೊ ದ್ವೀಪಗಳ ಸುತ್ತ ಸಮುದ್ರದಲ್ಲಿ ಪಂಜರ ಇಳಿಬಿಟ್ಟು ಇದನ್ನು ಸಾಕುತ್ತಾರೆ. ಮಾರುವ ಗಾತ್ರಕ್ಕೆ ಬರಲು ಹೆಚ್ಚುಕಡಿಮೆ 3 ವರ್ಷ ಬೇಕು. ಮಂಗಳೂರಿನಲ್ಲಿ ಮೀನುಗಾರಿಕೆ ಓದಿ ಸಂಶೋಧನೆಗೆಂದು ಅಲ್ಲಿಗೆ ಹೋದ ನನಗೆ ಅಷ್ಟು ತಾಳ್ಮೆ ಇರಲಿಲ್ಲ. ನನ್ನ ಫೆಲೋಶಿಪ್ಪಿಗೂ ಇರಲಿಲ್ಲ.

ಹಾಗಾಗಿ ಚಿಪ್ಪು ಬೆಳೆಯಲು ಕಾಯದೆ ಕಿಣ್ವ, ಜೀನ್‌ಗಳಲ್ಲೇ ಉತ್ತರ ಹುಡುಕುವ ಅಡ್ಡದಾರಿ ಹಿಡಿದೆ. ಒಂದು ಗುಂಪಿಗೆ ಕೆಲ್ಪ್ ಎಂಬ ಕಂದು ಕಡಲಪಾಚಿ, ಇನ್ನೊಂದಕ್ಕೆ ಮೀನಿನ ಹಿಟ್ಟು, ಸೋಯಾ ಬೆರೆಸಿದ ಗುಳಿಗೆ. ಕೆಲ್ಪ್‌ನಲ್ಲಿ ಬಹುಪಾಲು ನೀರೇ, ಪ್ರೋಟೀನ್ ಕಮ್ಮಿ. ಕೆಲವೇ ವಾರಗಳಲ್ಲಿ ಗುಳಿಗೆ ತಿಂದವುಗಳ ಜೀರ್ಣಗ್ರಂಥಿಯಲ್ಲಿ ಪ್ರೋಟೀನ್ ಒಡೆಯುವ ಕಿಣ್ವ ಪ್ರೋಟಿಯೇಸ್ ಏರಿತ್ತು. ಪಾಚಿಯ ಕೋಶಭಿತ್ತಿ ಒಡೆಯುವ ಆಲ್ಜಿನೇಟ್ ಲಯೇಸ್ ಇಳಿದಿತ್ತು. ಇನ್ಸುಲಿನ್ ಬಳಗದ, ಬೆಳವಣಿಗೆಗೆ ಸಂಬಂಧಪಟ್ಟ ಜೀನ್‌ಗಳೂ ಚುರುಕಾಗಿದ್ದವು. ಗುಳಿಗೆಯೇ ಗೆದ್ದಿತೆಂದು ಪ್ರೊಫೆಸರ್ ಎದುರು ಗ್ರಾಫ್ ಹರಡಿದೆ.

"ಚಿಪ್ಪಿನ ಅಳತೆ ಎಲ್ಲಿ?" ಎಂದರು. ಅಳೆದಿದ್ದೆ. ಗುಂಪುಗಳ ನಡುವೆ ವ್ಯತ್ಯಾಸವೇ ಕಾಣದ್ದಕ್ಕೆ ಅದನ್ನು ಕೊನೆಯ ಪುಟಕ್ಕೆ ತಳ್ಳಿದ್ದೆ.

ಎಡವಿದ್ದೆಲ್ಲಿ ಎಂದು ತೋರಿಸಿಕೊಟ್ಟವರು ಪ್ರಯೋಗದ ತೊಟ್ಟಿ ನೋಡಿಕೊಳ್ಳುತ್ತಿದ್ದ ಹಿರಿಯರು. ಅಬಲೋನ್ ಹಗಲೆಲ್ಲ ಆಸರೆಯ ಅಡಿಗೆ ಅಂಟಿಕೊಂಡಿದ್ದು, ಕತ್ತಲಾದ ಮೇಲೆ ಹೊರಬಂದು ಒರಟು ನಾಲಗೆಯಲ್ಲಿ ಮೇವು ಕೆರೆದು ತಿನ್ನುವ ಪ್ರಾಣಿ. ಪುಸ್ತಕದಲ್ಲಿ ಓದಿದ್ದೆನಲ್ಲ! ಆದರೂ ನನ್ನ ಅನುಕೂಲಕ್ಕೆ ಬೆಳಿಗ್ಗೆಯೇ ಗುಳಿಗೆ ಹಾಕುತ್ತಿದ್ದೆ. ಸಂಜೆಯಾಗುವಷ್ಟರಲ್ಲಿ ಅದು ಉಬ್ಬಿ, ಸತ್ವ ನೀರಿಗೆ ಸೋರಿ, ಬೆರಳು ತಾಗಿದರೆ ಅಂಬಲಿಯಂತೆ ಕದಡುತ್ತಿತ್ತು. ಕೆಲ್ಪ್‌ನ ಪಟ್ಟಿ ಮಾತ್ರ ಹಾಕಿದ ಹಾಗೇ ಇರುತ್ತಿತ್ತು. ಸ್ಯಾಂಪಲ್ ತೆಗೆದದ್ದೂ ಹೊತ್ತುಗೊತ್ತಿಲ್ಲದೆ: ಕೆಲವನ್ನು ಹೊಟ್ಟೆ ತುಂಬಿದ ಬೆಳಿಗ್ಗೆ, ಕೆಲವನ್ನು ಹಸಿದ ಸಂಜೆ. ಬಿಗಿಯಾಗಿ ಕಚ್ಚಿಕೊಂಡವನ್ನು ಚಾಕುವಿನಿಂದ ಎಬ್ಬಿಸಿ ಗಾಯ ಮಾಡಿದ್ದೂ ಉಂಟು. ಅವುಗಳ ರಕ್ತ ಹೆಪ್ಪುಗಟ್ಟುವುದಿಲ್ಲ; ನೀಲಿ ಛಾಯೆಯ ದ್ರವ ಜಿನುಗುತ್ತಲೇ ಇರುತ್ತದೆ. ಅಂಥವು ಬದುಕಿದ್ದು ಕಡಿಮೆ.

ಕಿಣ್ವ ಏರಿದ್ದು ಸುಳ್ಳಲ್ಲ. ಹೊಟ್ಟೆಗೆ ಏನು ಬಿತ್ತು ಎಂಬುದನ್ನು ಅದು ಹೇಳುತ್ತದೆ, ಮೈಗೆ ಎಷ್ಟು ಹತ್ತಿತು ಎಂಬುದು ಬೇರೆ ಲೆಕ್ಕ. ಜೀನ್‌ನ ಏರಿಳಿತವೂ ಸ್ಯಾಂಪಲ್ ತೆಗೆದ ಆ ಹೊತ್ತಿನದು.

ಪ್ರಯೋಗವನ್ನು ಮೊದಲಿನಿಂದ ಮಾಡಬೇಕಾಯಿತು. ಮುಸ್ಸಂಜೆಗೆ ಮೇವು, ಬೆಳಿಗ್ಗೆ ಉಳಿದದ್ದನ್ನು ತೆಗೆದು ತೂಗುವುದು, ತಿಂಗಳಿಗೊಮ್ಮೆ ವರ್ನಿಯರ್ ಕ್ಯಾಲಿಪರ್ ಹಿಡಿದು ಚಿಪ್ಪಿನ ಅಳತೆ. ಸಿಗಡಿಯದೋ ಮೀನಿನದೋ ಮೇವಿನ ಮೇಲೆ ಕೆಲಸ ಶುರುಮಾಡುವ ನಮ್ಮ ಹುಡುಗ ಹುಡುಗಿಯರು ಜೀನ್ ಅಳೆಯುವ ಪಿಸಿಆರ್ ಕಿಟ್ ತರಿಸುವ ಮೊದಲು ಒಂದು ರಾತ್ರಿ ತೊಟ್ಟಿಯ ಪಕ್ಕ ಕೂತು ನೋಡಲಿ.