ಪೆಟ್ಟಿಗೆಯೊಳಗಿನ ಕೆರೆ

ಐಸ್‌ಲ್ಯಾಂಡಿಗೆ ಹೋಗಿದ್ದೆ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ, "ನಾರ್ದರ್ನ್ ಲೈಟ್ಸ್ ನೋಡಿದ್ಯಾ?" ಇಲ್ಲಾ ಸ್ವಾಮಿ, ನೋಡಿಲ್ಲ :-) ನಾನು ಹೋಗಿದ್ದು ಆಗಸ್ಟ್‌ನಲ್ಲಿ, ಅದೂ ದ್ವೀಪದ ನಟ್ಟನಡುವಿನ ಎತ್ತರದ ಬಯಲಿಗೆ. ಅಲ್ಲಿ ಊರುಗಳಿಲ್ಲ. ದಾರಿ ತೆರೆದಿರೋದು ಬೇಸಿಗೆಯ ಕೆಲವೇ ವಾರ. ಎಷ್ಟೋ ಹೊಳೆಗಳಿಗೆ ಸೇತುವೆಯೇ ಇಲ್ಲ, ಜೀಪು ನೀರಿಗಿಳಿದೇ ದಾಟಬೇಕು.

ಗಂಟೆಗಟ್ಟಲೆ ಹೋದರೂ ಬರೀ ಕಪ್ಪು ಲಾವಾ. ಆ ಬಯಲಿನ ಹೆಸರು ಓದಾದಾಹ್ರಾಯ್ನ್, ಅಂದ್ರೆ ದುಷ್ಕೃತ್ಯಗಳ ಲಾವಾ. ಹಿಂದೆ ಸಮಾಜದಿಂದ ಬಹಿಷ್ಕಾರ ಹಾಕಿಸಿಕೊಂಡವರು ಇಲ್ಲಿ ಬಂದು ಅಡಗ್ತಿದ್ರಂತೆ. ನಡುವೆ ಹೆರ್ದುಬ್ರೇಯ್ದ್ ಅನ್ನೋ ಬೆಟ್ಟ, 1682 ಮೀಟರ್. ಹಿಮಯುಗದ ಮಂಜುಗಡ್ಡೆಯ ಕೆಳಗೇ ಜ್ವಾಲಾಮುಖಿ ಉಕ್ಕಿದ್ದರಿಂದ ಮೇಜಿನ ಹಾಗೆ ಚಪ್ಪಟೆ ತಲೆ, ಕಡಿದಾದ ಬದಿ. ಚಂದ್ರನ ಮೇಲೆ ಕಲ್ಲು ಆರಿಸೋ ಮೊದಲು ಅಪೋಲೋ ಗಗನಯಾತ್ರಿಗಳು 1965 ಮತ್ತು 1967ರಲ್ಲಿ ಈ ಸೀಮೆಗೇ ಬಂದು ಕಲ್ಲಿನ ಪಾಠ ಕಲಿತರು.

ಕೊನೆಗೆ ಆಸ್ಕ್ಯಾ. ಪೆಟ್ಟಿಗೆ ಅಂತ ಅರ್ಥ. 1875ರ ಮಾರ್ಚ್‌ನಲ್ಲಿ ಇದು ಸಿಡಿದಾಗ ಬೂದಿ ಸ್ಕ್ಯಾಂಡಿನೇವಿಯಾ ತನಕ ಹೋಯ್ತು. ಪೂರ್ವ ಐಸ್‌ಲ್ಯಾಂಡಿನ ಹುಲ್ಲುಗಾವಲುಗಳು ಹಾಳಾಗಿ, ಎಷ್ಟೋ ಮಂದಿ ಊರು ಬಿಟ್ಟು ಉತ್ತರ ಅಮೆರಿಕಕ್ಕೆ ವಲಸೆ ಹೋದರು. ಆಮೇಲೆ ನೆಲ ಕುಸಿದು ಆದದ್ದೇ ಸುಮಾರು 220 ಮೀಟರ್ ಆಳದ ನೀಲಿ ಕೆರೆ. ಪಕ್ಕದಲ್ಲೇ ಹಾಲು ಬೆರೆಸಿದಂಥ ನೀರಿನ ಪುಟ್ಟ ಕುಳಿ, ಹೆಸರು ವೀತಿ. ಅಂದ್ರೆ ನರಕ!

1907ರ ಜುಲೈಯಲ್ಲಿ ಜರ್ಮನಿಯ ಭೂವಿಜ್ಞಾನಿ ವಾಲ್ಟರ್ ಫಾನ್ ಕ್ನೆಬೆಲ್, ಚಿತ್ರಕಾರ ಮ್ಯಾಕ್ಸ್ ರುಡ್ಲಾಫ್ ಇಬ್ಬರೂ ಮಡಚುವ ಕ್ಯಾನ್ವಾಸ್ ದೋಣಿಯಲ್ಲಿ ಈ ಕೆರೆಗಿಳಿದರು. ವಾಪಸ್ ಬರಲೇ ಇಲ್ಲ. ದೇಹಗಳೂ ಸಿಗಲಿಲ್ಲ. ಮರುವರ್ಷ ಕ್ನೆಬೆಲ್‌ನ ಭಾವೀ ಪತ್ನಿ ಈನಾ ಫಾನ್ ಗ್ರುಂಬ್ಕೋ ತಾನೇ ಹುಡುಕಿಕೊಂಡು ಬಂದಳು, ಕುದುರೆ ಮೇಲೆ, ಇದೇ ಲಾವಾ ದಾಟಿ. ಏನೂ ಸಿಗಲಿಲ್ಲ. ದಡದಲ್ಲಿ ಕಲ್ಲು ಪೇರಿಸಿ ಅವರ ನೆನಪಿಗೊಂದು ಗುಡ್ಡೆ ಮಾಡಿಸಿ ಹೋದಳು.

2014ರ ಜುಲೈ 21ರ ರಾತ್ರಿ ಕೆರೆಯ ಅಂಚಿನ ಗುಡ್ಡ ಜರಿದು ನೀರಿಗೆ ಬಿತ್ತು. ಅಲೆಗಳು 20 ಮೀಟರಿಗೂ ಮೇಲೆದ್ದವು. ಪುಣ್ಯಕ್ಕೆ ದಡದಲ್ಲಿ ಆಗ ಯಾರೂ ಇರಲಿಲ್ಲ. 1907ರಲ್ಲೂ ಹೀಗೇ ಏನಾದ್ರೂ ಆಗಿತ್ತೋ ಏನೋ, ಹೇಳೋರು ಯಾರು? ಈನಾಗೂ ಉತ್ತರ ಸಿಗಲಿಲ್ಲ. ಆದ್ರೂ ಬಂದು, ಕಣ್ಣಾರೆ ನೋಡಿ, ಕಲ್ಲಿಟ್ಟು ಹೋದಳಲ್ಲ... ಅಲ್ಲಿ ನಿಂತಾಗ ನನಗೆ ಕೆರೆಗಿಂತ ಅದೇ ದೊಡ್ಡದು ಅನ್ನಿಸ್ತು. ಕ್ಯಾಮೆರಾ ಸ್ವಲ್ಪ ಹೊತ್ತು ಚೀಲದಲ್ಲೇ ಇತ್ತು.

ಫೋಟೋ ನೋಡಿ ಅವ್ವ ಅಂದದ್ದು, "ಬರೇ ಕಲ್ ನೋಡಾಕ ಅಷ್ಟ್ ದೂರ ಹೋಗ್ಬೇಕಿತ್ತೇನೋ? ನಮ್ ಹೊಲದಾಗ ಬೇಕಾದಷ್ಟ್ ಅದಾವಲ್ಲ!" ತಮಾಷೆ ಅಂದ್ರೆ ಅವ್ವ ಹೇಳಿದ್ದು ನಿಜ. ವಿಜಯಪುರದ ಕಡೆಯ ನಮ್ಮ ಕರಿಕಲ್ಲೂ ಲಾವಾನೇ, ಸುಮಾರು 6.6 ಕೋಟಿ ವರ್ಷ ಹಳೇದು. ಅದು ಸವೆದು ಎರೆಮಣ್ಣಾಗಿ ಈಗ ಜೋಳ ಬೆಳೀತದೆ. ಆಸ್ಕ್ಯಾದ ಕಲ್ಲಿಗೆ ಇನ್ನೂ ಪಾಚಿಯೂ ಸರಿಯಾಗಿ ಹತ್ತಿಲ್ಲ.

ಹೋಗೋರಿದ್ರೆ ಒಂದು ಮಾತು. ದಾರಿ ಬಿಟ್ಟು ಗಾಡಿ ಇಳಿಸಬೇಡಿ. ಅದು ಕಾನೂನಿಗೆ ವಿರುದ್ಧ, ಅಲ್ಲದೆ ಅಲ್ಲಿ ಟೈರಿನ ಗುರುತು ಎಷ್ಟೋ ವರ್ಷ ಮಾಸೋದಿಲ್ಲ.