ಪಿನ್ ಬೇರೆ, ಪಾಸ್‌ವರ್ಡ್ ಬೇರೆ

ಚನ್ನಪಟ್ಟಣದಲ್ಲಿ ನಮ್ಮ ಭಾವನದೊಂದು ಜೆರಾಕ್ಸ್ ಅಂಗಡಿ ಇದೆ. ಆಧಾರ್, ಪಹಣಿ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಎಲ್ಲಾ ಅಲ್ಲೇ. ಇರುವುದು ಎರಡು ಕಂಪ್ಯೂಟರ್. ಹೊಸದರಲ್ಲಿ ವಿಂಡೋಸ್ 11, ಸ್ಕ್ಯಾನರ್ ಇರುವುದೂ ಅದಕ್ಕೇ. ಹಳೆಯದರಲ್ಲಿ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗಿದಾಗ ನಾನೇ ಉಬುಂಟು ಹಾಕಿಕೊಟ್ಟು ಬಂದೆ.

ಎರಡು ದಿನಕ್ಕೇ ಭಾವನ ಫೋನ್ ಬಂತು. ಹೊಸದರಲ್ಲಿ ಸ್ಕ್ಯಾನ್ ಮಾಡಿದ ಫೋಲ್ಡರನ್ನು ಹಳೆಯದರಲ್ಲಿ ತೆರೆಯಲು ಹೋದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತಿದೆ. "ದಿನಾ ಹಾಕೋ ನಾಲ್ಕು ನಂಬರೇ ಹಾಕ್ತಾ ಇವ್ನಿ ಕಣಪ್ಪ, ಒಳಕ್ಕೇ ಬುಡ್ತಿಲ್ಲ" ಅಂದರು. ಭಾನುವಾರ ಬರ್ತೀನಿ ಭಾವ ಅಂದೆ. ಅಷ್ಟರಲ್ಲಿ ಯಾರೋ ರಿಪೇರಿಯವರು ಬಂದು ಸರಿ ಮಾಡಿ ಹೋಗಿದ್ದರು.

ಹೇಗೆ ಸರಿ ಮಾಡಿದ್ದರು ಅಂತ ಗೊತ್ತಾದದ್ದು ಭಾನುವಾರ. ಅಂಗಡಿಯ ವೈಫೈ ಹಾಕಿಕೊಂಡು ನನ್ನ ಫೋನಿನ ಫೈಲ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಒತ್ತಿದೆ. ಆ ಫೋಲ್ಡರ್ ಏನೂ ಕೇಳದೆ ತೆರೆದುಕೊಂಡಿತು. ಊರಿನವರ ಆಧಾರ್‌ಗಳು, ಬ್ಯಾಂಕ್ ಪಾಸ್‌ಬುಕ್‌ಗಳು, ಮಧ್ಯೆ ನಮ್ಮವ್ವನ ಪಾಸ್‌ಬುಕ್ಕೂ ಇತ್ತು. ಕಾಯುವ ಗಿರಾಕಿಗಳಿಗೂ ಭಾವ ಅದೇ ವೈಫೈ ಕೊಡುತ್ತಾರೆ. ರಿಪೇರಿಯವರು ಪಾಸ್‌ವರ್ಡ್ ಕೇಳುವುದನ್ನೇ ಆಫ್ ಮಾಡಿದ್ದರು. ತಪ್ಪು ನನ್ನದೂ ಇತ್ತು. ಉಬುಂಟು ಹಾಕಿದ ದಿನವೇ ಫೋಲ್ಡರ್ ತೆರೆಯುತ್ತದಾ ಅಂತ ನಾನು ನೋಡಬೇಕಿತ್ತು.

ನಿಜವಾದ ತೊಂದರೆ ಚಿಕ್ಕದು. ನಾಲ್ಕು ಅಂಕಿಯ ಪಿನ್ ನಡೆಯುವುದು ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕ್‌ನಿಂದ ಬರುವವರು ಖಾತೆಯ ಪಾಸ್‌ವರ್ಡನ್ನೇ ಕೊಡಬೇಕು. ಮೈಕ್ರೋಸಾಫ್ಟ್ ಖಾತೆಯಾದರೆ ಯೂಸರ್‌ನೇಮ್ ಜಾಗದಲ್ಲಿ ಇಮೇಲ್ ಹಾಕಬೇಕು. ಭಾವನಿಗೆ ಆ ಪಾಸ್‌ವರ್ಡ್ ನೆನಪೇ ಇರಲಿಲ್ಲ.

ವಿಂಡೋಸ್ ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ 'ಅದರ್ ಯೂಸರ್ಸ್'ಗೆ ಹೋಗಿ, ಮೈಕ್ರೋಸಾಫ್ಟ್ ಖಾತೆ ಇಲ್ಲದ ಹೊಸ ಯೂಸರ್ ಮಾಡಿ, ಪಾಸ್‌ವರ್ಡ್ ಇಟ್ಟೆ. ಫೋಲ್ಡರಿನ ಶೇರಿಂಗ್‌ನಲ್ಲಿ 'ಎವ್ರಿಒನ್' ತೆಗೆದು ಆ ಯೂಸರ್ ಹೆಸರು ಸೇರಿಸಿದೆ. ಪಾಸ್‌ವರ್ಡ್ ಕೇಳುವುದನ್ನು ಮತ್ತೆ ಆನ್ ಮಾಡಿದೆ. ಉಬುಂಟುವಿನಲ್ಲಿ ಒಂದು ಸಲ ಹಾಕಿ 'ನೆನಪಿಡು' ಎಂಬುದನ್ನು ಆರಿಸಿದರೆ ಮತ್ತೆ ಕೇಳುವುದಿಲ್ಲ. ಗಿರಾಕಿಗಳಿಗೆ ರೂಟರ್‌ನಲ್ಲಿ ಬೇರೆ ಗೆಸ್ಟ್ ವೈಫೈ ಮಾಡಿದೆ.

ಉಬುಂಟುವಿನ ಫೋಲ್ಡರನ್ನು ವಿಂಡೋಸ್‌ನಿಂದ ತೆರೆಯುವಾಗಲೂ ಇಂಥದ್ದೇ ಗೊಂದಲ. ಅಲ್ಲಿ ಈ ಕೆಲಸ ಮಾಡುವುದು ಸಾಂಬಾ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಇದರ ಮೊದಲ ರೂಪವನ್ನು ಹೊರತಂದರು. ಸಾಂಬಾ ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಳ್ಳುತ್ತದೆ. ಉಬುಂಟುಗೆ ದಿನಾ ಹಾಕುವ ಪಾಸ್‌ವರ್ಡ್ ಸರಿಯಿದ್ದರೂ ಆ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿಸದಿದ್ದರೆ ಒಳಗೆ ಬಿಡುವುದಿಲ್ಲ. ಹಿಂದೊಮ್ಮೆ ಹಾಕಿದ ತಪ್ಪು ಪಾಸ್‌ವರ್ಡನ್ನು ವಿಂಡೋಸ್ ನೆನಪಿಟ್ಟಿರಲೂಬಹುದು. ಕಂಟ್ರೋಲ್ ಪ್ಯಾನೆಲ್‌ನ 'ಕ್ರೆಡೆನ್ಶಿಯಲ್ ಮ್ಯಾನೇಜರ್'ನಲ್ಲಿ ಅದನ್ನು ಅಳಿಸಿ ಮತ್ತೆ ಹಾಕಿ ನೋಡಿ.

ಕೊನೆಗೆ ಭಾವನೂ ನಾನೂ ಕೂತು ಹಳೇ ಸ್ಕ್ಯಾನ್‌ಗಳನ್ನೆಲ್ಲ ಅಳಿಸಿದೆವು. ಅಂಗಡಿಗೆ ಹೋಗುವ ನೀವೂ ಕೆಲಸ ಮುಗಿದ ಮೇಲೆ "ನನ್ನ ಸ್ಕ್ಯಾನ್ ಡಿಲೀಟ್ ಮಾಡಿ ಅಣ್ಣಾ" ಅಂತ ಕೇಳಿ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುವ ಕಡೆ ಅದನ್ನೇ ಕೊಡಿ.

ನಾನು ಹೊರಡುವಾಗ ಭಾವ ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸುತ್ತಿದ್ದರು. ಕಿತ್ತು ಅವರ ಜೇಬಿಗೇ ಹಾಕಿ ಬಂದೆ.